ಮೊದಲ ದಿನದ ಅಂಗಿ

ಎಲೆ ಇನ್ನೂ ನುಣ್ಣಗಾಗಿರಲಿಲ್ಲ. ಶೈಲಾ ಪಿಂಗಾಣಿ ಕಲ್ಬತ್ತಿನ ಅಂಚಿಗೆ ಹತ್ತಿಕೊಂಡಿದ್ದ ನಾರನ್ನು ಒಳಕ್ಕೆಳೆದು, ಮೇಲೆ ಇನ್ನೆರಡು ಹನಿ ದ್ರಾವಣ ಬಿಟ್ಟು, ಮತ್ತೆ ಕೈ ತಿರುವತೊಡಗಿದಳು. ಟೊಮೆಟೊ ಎಲೆಯ ಘಾಟು ಎದ್ದು ಕೋಣೆಯೆಲ್ಲ ತುಂಬಿತು. ಎಲೆ ಅರೆಯುವುದು, ರಸ ಸೋಸುವುದು, ಪ್ಲಾಸ್ಟಿಕ್ ತಟ್ಟೆಯ ಸಣ್ಣ ಸಣ್ಣ ಕುಳಿಗಳಿಗೆ ಹನಿಸುವುದು, ಬಣ್ಣ ಬರುತ್ತದೋ ಇಲ್ಲವೋ ಎಂದು ಕಾಯುವುದು. ಹಳದಿ ಬಂದರೆ ವೈರಾಣು ಇದೆ, ಬರದಿದ್ದರೆ ಇಲ್ಲ. ರಾಣೆಬೆನ್ನೂರಿನಲ್ಲಿ ಬೀಜದ ಕಂಪನಿಗಳಿಗೇನು ಬರವೇ? ಅಂಥದೊಂದು ಕಂಪನಿಯ ಹಿಂಬದಿಯ ಈ ಕೋಣೆಯಲ್ಲಿ ಶೈಲಾಳ ತಲೆಗೂದಲು ಕಪ್ಪಿದ್ದದ್ದು ನರೆಯತೊಡಗಿತ್ತು.

ಇಂದಿನ ಎಲೆಗಳು ಕುಪ್ಪೇಲೂರಿನ ಒಂದು ನೆಟ್ಟಿನವು, ಎಂದರೆ ಬೀಜಕ್ಕೆಂದು ಟೊಮೆಟೊ ಬೆಳೆಸುವ ಪರದೆಮನೆಯವು. ಚೀಟಿಯ ಮೇಲೆ ಬರೆದಿದ್ದ ಹೆಸರು ನೀಲಗಂಗವ್ವನದು. ನೀಲಗಂಗವ್ವ ಶೈಲಾಳ ಅತ್ತೆ.

ಎದುರಿನ ಗೋಡೆಗೆ ಆ ವೈರಾಣುವಿನ ಒಂದು ಚಿತ್ರ ಅಂಟಿಸಿತ್ತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಗೆದದ್ದು, ಬೆಂಗಳೂರಿನಿಂದ ತರಿಸಿದ್ದು. ಬೂದು ಹಾಳೆಯ ಮೇಲೆ ಯಾರೋ ಕಡ್ಡಿಪೆಟ್ಟಿಗೆ ಚೆಲ್ಲಿದ ಹಾಗೆ ಕಾಣುತ್ತಿತ್ತು. ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಯರು ಅದೇನೆಂದು ಕೇಳಿದರೆ ಶೈಲಾ ಗೋವಿನಜೋಳದ ತೆನೆ ನೆನಪಿಸಿಕೊಳ್ಳಲು ಹೇಳುತ್ತಿದ್ದಳು. ನಡುವಿನ ಬೆಂಡು ಟೊಳ್ಳು ಎಂದುಕೊಳ್ಳಿ. ಅದರ ಸುತ್ತ ಸುರುಳಿಯಾಗಿ ಒಂದೇ ಅಳತೆಯ, ಒಂದೇ ರೂಪದ ಕಾಳುಗಳು, ಎರಡು ಸಾವಿರಕ್ಕೂ ಮೇಲೆ. ಕಾಳುಗಳ ಸಾಲಿನೊಳಗೆ ಹುದುಗಿಕೊಂಡು ಒಂದು ದಾರ, ಅದೂ ಸುರುಳಿಯೇ. ಕಾಳೆಂದರೆ ಪ್ರೋಟೀನು, ದಾರವೆಂದರೆ ಆರ್‌ಎನ್‌ಎ. ಅಷ್ಟೇ ಅದರ ಸಂಸಾರ. ಹಸಿವಿಲ್ಲ, ಉಸಿರಿಲ್ಲ, ಬೆಳೆಯುವುದಿಲ್ಲ, ಸಾಯುವುದೂ ಇಲ್ಲ. ಎಲೆಗೆ ಗಾಯವಾಗಿ ಒಳಗಿನ ಹಸಿ ತಾಕುವವರೆಗೆ ಸುಮ್ಮನೆ ಬಿದ್ದಿರುತ್ತದೆ.

ಸುಮ್ಮನೆ ಬಿದ್ದಿರುವುದು ಎಂದರೇನೆಂದು ಶೈಲಾಳಿಗೆ ಎರಡು ವರ್ಷದಿಂದ ಚೆನ್ನಾಗಿ ಗೊತ್ತಿತ್ತು. ಗಂಡ ಕೊಟ್ರೇಶ ಹಾವೇರಿಯ ಬಸ್‌ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಕುಸಿದ ಸುದ್ದಿ ಫೋನಿನಲ್ಲಿ ಬಂದಾಗ ಅವಳ ಕೈಯಲ್ಲಿ ಇಂಥದೇ ತಟ್ಟೆಯಿತ್ತು. ಅವಳು ಅದಕ್ಕೆ ಮುಚ್ಚಳ ಹಾಕಿ, ಫ್ರಿಜ್ಜಿನಲ್ಲಿಟ್ಟು, ಸೋಪು ಹಚ್ಚಿ ಕೈ ತೊಳೆದುಕೊಂಡು ಹೊರಟಿದ್ದಳು. ಹೆಣದ ಮುಂದೆಯೂ ಅಳು ಬರಲಿಲ್ಲ. ಮಗಳು ಪ್ರಿಯಾಂಕಾ ದಾವಣಗೆರೆಯ ಹಾಸ್ಟೆಲಿನಿಂದ ಓಡಿಬಂದು ಕೊರಳಿಗೆ ಬಿದ್ದಾಗಲೂ ಬರಲಿಲ್ಲ. ಕುಪ್ಪೇಲೂರಿನ ಹೆಂಗಸರು ಬಾಯಿಗೆ ಸೆರಗು ಹಿಡಿದುಕೊಂಡು, "ಕಲ್ಲು ನೋಡವ್ವ, ಒಂದು ಹನಿ ಇಲ್ಲ ಕಣ್ಣಾಗ" ಅಂದದ್ದು ಅವಳ ಕಿವಿಗೂ ಬಿದ್ದಿತ್ತು. ಅದಕ್ಕೂ ಅವಳಿಗೆ ಏನೂ ಅನ್ನಿಸಲಿಲ್ಲ.

"ಮೇಡಂ, ಕುಪ್ಪೇಲೂರಿಂದು ಬಂತಾ?" ಬಾಗಿಲಲ್ಲಿ ಪ್ರೇಮಕುಮಾರ ನಿಂತಿದ್ದ. ಬೀಜ ಬೆಳೆಯುವ ಹೊಲಗಳನ್ನೆಲ್ಲ ತಿರುಗಿ ನೋಡುವ ಕಂಪನಿಯ ಆಫೀಸರು. ವಯಸ್ಸು ಕಡಿಮೆ, ಅವಸರ ಜಾಸ್ತಿ.

"ಸಂಜೀಕ ಗೊತ್ತಾಗ್ತೈತಿ."

"ಅದರಾಗ ಗೊತ್ತಾಗೂದೇನೈತ್ರಿ? ಎಲಿ ನೋಡಿದ್ರ ಸಾಕು, ನೂಲಿನಂಗ ಆಗ್ಯಾವು." ಅವನು ಸ್ಟೂಲು ಎಳೆದುಕೊಂಡು ಕುಳಿತ. "ನಿಮ್ಮ ಅತ್ತಿಯವರ ನೆಟ್ ಅಂತ ಹೋದ ವರ್ಷ ರೋಗ ಬಿದ್ದಾಗ ನಾ ಬಾಯಿ ಬಿಡಲಿಲ್ಲ. ಹೊಸ ಮಣ್ಣು ಹಾಕಿಸಿದ್ವಿ, ಹೊಸ ಪರದೆ ಕಟ್ಟಿಸಿದ್ವಿ. ಬೀಜ ನೀವ ಪರೀಕ್ಷಾ ಮಾಡೀರಿ, ಚೊಕ್ಕ ಇತ್ತು. ಸಸಿನೂ ಚೊಕ್ಕ. ಮತ್ತ ಎಲ್ಲಿಂದ ಬಂತಿದು? ನಾ ಹೇಳ್ತೇನಿ ಕೇಳ್ರಿ. ಆ ಶೇಖವ್ವ ಅದಾಳಲ್ಲ, ಮೂರು ಹೊತ್ತು ತಂಬಾಕು ತಿಕ್ಕಾಕಿ. ಆಕೀನ ತಂದಾಳ."

ತಂಬಾಕಿನ ಎಲೆಯಲ್ಲೂ ಇದೇ ಬಳಗದ ವೈರಾಣು ಇರುತ್ತದೆ, ತಿಕ್ಕಿದ ಕೈಯಿಂದ ಗಿಡಕ್ಕೆ ದಾಟಬಲ್ಲದು. ಶೈಲಾಳಿಗೂ ಅದು ಗೊತ್ತು. "ಇರಬಹುದು," ಅಂದಳು.

"ಇರಬಹುದು ಅಲ್ರಿ, ಹೌದ ಹೌದು. ಮುಂದಿನ ಸೋಮವಾರ ಬಿಟ್ಟು ಆಚೀ ಸೋಮವಾರ ನಾನ ಹೊಂಟೇನಿ. ಎಲ್ಲಾ ರೈತರನ್ನ ಕೂಡಿಸಿ ಹೇಳ್ತೇನಿ, ಆಕೀನ್ನ ಯಾರೂ ಕ್ರಾಸಿಂಗಿಗೆ ಕರಿಬಾರದು ಅಂತ. ಇಷ್ಟ ಮಾಡಿದ ಮ್ಯಾಲೂ ಬಂದ್ರ, ಮುಂದಿನ ಸಲ ಆ ನೆಟ್ಟಿಗೆ ಸಸಿ ಕೊಡೂದು ಆಗೂದಿಲ್ರಿ ಮೇಡಂ. ಕೊಟ್ರೇಶಣ್ಣ ಕಟ್ಟಿದ ನೆಟ್ ಅಂತ ನನಗೂ ಅಂತಃಕರಣ ಐತಿ. ಖರೇ ಹೇಳ್ತೇನಿ."

ಸಂಜೆ ಕುಳಿಗಳು ಹಳದಿಯಾದವು. ಬಾಗಿಲ ಹತ್ತಿರದ ಸಾಲುಗಳ ಎಲೆಗಳದು ಗಾಢ ಹಳದಿ. ಒಳಗೆ ಹೋದಂತೆ ಬಣ್ಣ ತೆಳುವಾಗಿ, ಕೊನೆಯ ಸಾಲುಗಳದು ತಿಳಿನೀರು. ಶೈಲಾ ತಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ರೋಗ ಬಾಗಿಲಿನಿಂದ ನಡೆದುಕೊಂಡು ಬಂದಿತ್ತು.

ಶನಿವಾರ ಅರ್ಧ ದಿನ. ಮಧ್ಯಾಹ್ನದ ಬಸ್ಸಿಗೆ ಅವಳು ಕುಪ್ಪೇಲೂರಿಗೆ ಹೋದಳು. ಮನೆಯ ಹಿಂದೆ ಬಿಳಿ ಪರದೆಯ ನೆಟ್ಟು ಬಿಸಿಲಿಗೆ ಹೊಳೆಯುತ್ತಿತ್ತು. ಬಾಗಿಲಲ್ಲಿ ಕೆನೆ ತೆಗೆದ ಹಾಲಿನ ಬೋಗುಣಿ. ಒಳಗೆ ಹೋಗುವವರೆಲ್ಲ ಅದರಲ್ಲಿ ಕೈ ಅದ್ದಬೇಕು. ಹಾಲು ವೈರಾಣುವಿನ ಕಣವನ್ನು ಸುತ್ತಿ ಮೆತ್ತಿಕೊಂಡು ಅದು ಎಲೆಗೆ ಅಂಟದಂತೆ ಮಾಡುತ್ತದೆ. ಒಳಗಿನ ಹೆಂಗಸರೆಲ್ಲ ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟಿದ್ದರು. ಒಗೆದ ಅಂಗಿಯೇ ಆಗಬೇಕೆಂದು ಕಂಪನಿಯ ಕಟ್ಟಪ್ಪಣೆ. ಕ್ರಾಸಿಂಗ್ ನಡೆದಿತ್ತು: ಒಬ್ಬಳು ಮೊಗ್ಗು ಬಿಡಿಸಿ ಚಿಮಟದಿಂದ ಗಂಡು ಭಾಗ ತೆಗೆಯುತ್ತಿದ್ದಳು, ಇನ್ನೊಬ್ಬಳು ಬೇರೆ ತಳಿಯ ಪರಾಗದ ಪುಡಿ ಮುಟ್ಟಿಸಿ, ತೊಟ್ಟಿಗೆ ನೂಲು ಕಟ್ಟುತ್ತಿದ್ದಳು.

"ಬರ್ರಿ ಬಾಯಾರ," ಅಂದಳು ಶೇಖವ್ವ. ಒಣಗಿದ ಮೈ, ಚೂಪು ಬಾಯಿ. "ಮದ್ಲ ಹಾಲಿನ್ಯಾಗ ಕೈ ಅದ್ರಿ. ಇಲ್ಲಂದ್ರ ಅದನ್ನೂ ಸಾಹೇಬ್ರು ನನ್ನ ಹೆಸರಿಗೇ ಹಚ್ತಾರ. ನಂದಗೋಪನ ಮನ್ಯಾಗೂ ಹಿಂಗ ಹಾಲಿನ್ಯಾಗ ಕೈ ತೊಳದಿರಲಿಕ್ಕಿಲ್ಲ ಬಿಡ್ರಿ. ನಮ್ಮ ಮನ್ಯಾಗ ಚಾಕ್ಕ ಹಾಲಿಲ್ಲ, ಇಲ್ಲಿ ಟಮಾಟಿ ಗಿಡಕ್ಕ ಅಭಿಷೇಕ!"

ಹೆಂಗಸರು ನಕ್ಕರು. ಶೈಲಾ ಕೈ ಅದ್ದಿ ಒಳಗೆ ಬಂದಳು. "ಶೇಖವ್ವ, ನಿನ್ನ ತಂಬಾಕಿನ ಚೀಲ ಕೊಡು."

"ಅಯ್ಯ, ನೀವೂ ಕಲತ್ರೇನು? ಕಲೀರಿ, ಕಲೀರಿ. ಗಂಡ ಇಲ್ಲದ ಹೊತ್ತು ಹೋಗಬೇಕಲ್ಲ."

"ಪರೀಕ್ಷಾ ಮಾಡಾಕ ಬೇಕಾಗೇತಿ."

ನಗು ನಿಂತಿತು. ಶೇಖವ್ವ ಸೊಂಟದಿಂದ ಚೀಲ ತೆಗೆದು ಕೈಯಲ್ಲೇ ಹಿಡಿದುಕೊಂಡಳು. "ನನಗ ಗೊತ್ತೈತ್ರಿ, ಸಾಹೇಬ್ರು ಏನ ಹೇಳ್ಯಾರ ಅಂತ. ಕೊಟ್ರೇಶಪ್ಪನ ಮೀಸಿ ಮೂಡೂಕಿಂತ ಮದ್ಲಿಂದ ಈ ಕೆಲಸ ಮಾಡಾಕತ್ತೇನಿ. ಒಳಗ ಬಂದ ಮ್ಯಾಲ ಚೀಲ ಬಿಚ್ಚಿದಾಕಿ ಅಲ್ಲ ನಾನು. ತಗೋರಿ. ಇದರಾಗ ಇದ್ರ ಐತಿ ಅಂತ ಹೇಳ್ರಿ, ನಾಳಿಂದ ಈ ಬಾಗಲಾ ತುಳಿಯೂದಿಲ್ಲ. ಇಲ್ಲಂದ್ರ ಇಲ್ಲ ಅಂತ ಎಲ್ಲಾರ ಮುಂದ ಹೇಳ್ಬೇಕು. ಬಿಡಬಾರದು ನೀವು. ಒಮ್ಮೆ ಹೆಸರ ಕೆಟ್ರ ಈ ಸುತ್ತಿನ್ಯಾಗ ನನ್ನ ಯಾರ ಕರೀತಾರ್ರಿ?"

"ಹೇಳ್ತೇನಿ," ಅಂದಳು ಶೈಲಾ.

ಅವಳು ಬಾಗಿಲ ಕಡೆಯ ಸಾಲುಗಳಿಗೆ ಬಂದು ಒಂದೊಂದೇ ಗಿಡ ನೋಡಿದಳು. ಎಲೆಗಳಲ್ಲಿ ಹಸಿರು ಹಳದಿಯ ಚೂರುಚೂರು, ತುದಿ ಸೆಟೆದು ನೂಲಾಗಿದ್ದವು. ಕ್ರಾಸಿಂಗಿನಲ್ಲಿ ಒಂದೊಂದು ದಿನಕ್ಕೆ ಒಂದೊಂದು ಬಣ್ಣದ ನೂಲು. ರೋಗ ಬಲಿತ ಗಿಡಗಳಲ್ಲೆಲ್ಲ ಕೆಳಗಿನ ಗೊಂಚಲಿಗೆ ಕೆಂಪು ನೂಲಿತ್ತು. ಕೆಂಪಿಲ್ಲದ ಗಿಡಗಳಲ್ಲಿ ರೋಗ ಎಳೆಯದು, ಈಚಿನದು. ಅವಳು ಎರಡು ಸಲ ತಿರುಗಿ ನೋಡಿದಳು. ಒಂದು ಗಿಡವೂ ಲೆಕ್ಕ ತಪ್ಪಿರಲಿಲ್ಲ.

ನೀಲಗಂಗವ್ವ ನೀರಿನ ಕೊಡ ಇಳಿಸಿ ಹತ್ತಿರ ಬಂದಳು. ಅರವತ್ತೆಂಟರ ಹೆಂಗಸು, ಹಣೆಯ ಮೇಲೆ ವಿಭೂತಿ, ಕೈಗಳೆರಡೂ ಟೊಮೆಟೊ ರಸಕ್ಕೆ ಕಪ್ಪುಹಸಿರು.

"ಅತ್ತಿ, ಕೆಂಪು ನೂಲು ಯಾವತ್ತಿಂದು?"

"ಮೊದಲ ದಿನದ್ದು."

"ಅವತ್ತ ಯಾರ್ಯಾರು ಕೆಲಸಕ್ಕಿದ್ರು?"

"ಯಾರೂ ಇಲ್ಲ. ಮೊದಲ ದಿನ ನಾ ಒಬ್ಬಾಕೀನ. ಹೆಣ್ಮಕ್ಕಳು ಮರುದಿನದಿಂದ." ಮುದುಕಿ ಗಿಡದ ತುದಿ ಹಿಡಿದು, ಕೂಸಿನ ಗದ್ದ ಎತ್ತಿದಂತೆ ಎತ್ತಿ ನೋಡಿದಳು. "ಕೊಟ್ರೇಶ ಹಂಗ ಮಾಡತಿದ್ದ. ಮೊದಲ ಹೂವು ಮನೀ ಮಗನ ಕೈಲೇ ಆಗ್ಬೇಕು ಅಂತಿದ್ದ. ಈಗ ಮಗ ಇಲ್ಲ, ಅವನ ಅಂಗಿ ಐತಿ. ಅದನ್ನ ತೊಟ್ಕೊಂಡು ಮೊದಲ ನಾಕು ಸಾಲು ನಾ ಮಾಡ್ತೇನಿ. ಹೋದ ವರ್ಷನೂ ಹಂಗ ಮಾಡಿದ್ದೆ. ನೀ ಇರೂದಿಲ್ಲಲ್ಲ, ನಿನಗೆಲ್ಲಿ ಗೊತ್ತು."

ಶೈಲಾ ಬಾಗಿಲಿನಿಂದ ನಾಲ್ಕು ಸಾಲು ಎಣಿಸಿದಳು.

"ಯಾರ ತಂದ್ರವ್ವ ಇದನ್ನ?" ಅಂದಳು ನೀಲಗಂಗವ್ವ. "ಕೂಸಿನಂಗ ಜ್ವಾಪಾನ ಮಾಡೇನಿ. ನನ್ನ ಮಗ ಕಟ್ಟಿದ್ದಕ್ಕ ಇದನ್ನ ಯಾರ ತಂದು ಹಚ್ಯಾರೋ, ಅವರ ಕೈ ಸೆಟದು ಹೋಗಲಿ. ಬೊಟ್ಟ ಬೊಟ್ಟ ಉದುರಲಿ."

"ಹಂಗ ಅನಬ್ಯಾಡ್ರಿ ಅತ್ತಿ."

"ಯಾಕ ಅನಬಾರದು? ನಿನ್ನಂಗ ಎಲ್ಲಾನೂ ನುಂಗಿ ಕೂಡ್ರಾಕ ನನಗ ಬರೂದಿಲ್ಲ."

ಮನೆಗೆ ಬಂದ ಮೇಲೆ ಶೈಲಾ ಅಂಗಿ ನೋಡಬೇಕೆಂದು ಕೇಳಿದಳು. ಕೇಳಿದ್ದಕ್ಕೆ ನೀಲಗಂಗವ್ವನ ಮುಖವೇ ಬದಲಾಯಿತು. ಎರಡು ವರ್ಷದಲ್ಲಿ ಸೊಸೆ ತಾನಾಗಿ ಮಗನದೊಂದು ವಸ್ತು ಕೇಳಿದ್ದು ಇದೇ ಮೊದಲು. ಅವಳು ಒಳಕೋಣೆಯ ಟ್ರಂಕು ತೆರೆದು, ಹಳೆಯ ಕೌದಿಯೊಂದನ್ನು ಹೊರಗೆ ತೆಗೆದು, ಅದರ ಮಡಿಕೆ ಬಿಚ್ಚಿದಳು. ಒಳಗೆ ನೀಲಿ ಗೆರೆಯ ಅಂಗಿ.

"ತೊಳದಿಲ್ಲ ನಾ ಇದನ್ನ. ಹಾವೇರಿಗೆ ಹೋಗೂ ಹಿಂದಿನ ದಿನ ಮೊಳಿಗೆ ಸಿಗಸಿದ್ದ, ಹಂಗ ತಗದು ಇಟ್ಟೇನಿ. ಬಿಸಿಲಿಗೆ ಹಾಕಿದ್ರ ವಾಸನಿ ಹೋಗ್ತೈತಿ ಅಂತ ಬೆಳಕೂ ತೋರಿಸಿಲ್ಲ. ಮೂಸಿ ನೋಡು. ಅವನ ಬೆವರು ಇನ್ನೂ ಹಂಗ ಐತಿ."

ಶೈಲಾ ಅಂಗಿಯನ್ನು ಮುಖಕ್ಕೆ ಹಿಡಿದಳು. ಬೆವರು, ಧೂಳು, ಒಣಗಿದ ಟೊಮೆಟೊ ಘಾಟು. ಅತ್ತೆ ಅವಳ ಮುಖವನ್ನೇ ನೋಡುತ್ತಿದ್ದಳು, ಏನೋ ಒಡೆದು ಬರುತ್ತದೆಂದು ಕಾಯುವವಳಂತೆ. ಏನೂ ಬರಲಿಲ್ಲ. ಶೈಲಾಳ ಕಣ್ಣು ತೋಳಿನ ತುದಿಯ ಮೇಲಿತ್ತು. ಮಣಿಕಟ್ಟಿನ ಪಟ್ಟಿಯಿಂದ ಮೊಣಕೈವರೆಗೂ ಕಪ್ಪುಹಸಿರು ಕಲೆ, ಗಂಜಿ ಹಾಕಿದಂತೆ ಗಡುಸಾಗಿತ್ತು.

ಆ ಕಲೆ ಎಲ್ಲಿಯದೆಂದು ಅವಳಿಗೆ ನೆನಪಿತ್ತು. ಆ ವರ್ಷ ಊರಿನ ಎಷ್ಟೋ ನೆಟ್ಟುಗಳಿಗೆ ರೋಗ ಬಿದ್ದಿತ್ತು. ಪರೀಕ್ಷೆ ಮಾಡಿ, ಗಿಡ ಕಿತ್ತು ಸುಡಬೇಕೆಂದು ಹೇಳಿದವಳು ಶೈಲಾಳೇ. ಕೊಟ್ರೇಶ ದಿನವೆಲ್ಲ ನಿಂತು ಒಬ್ಬನೇ ಕಿತ್ತಿದ್ದ. ಎದೆಗವಚಿಕೊಂಡು ಹೊತ್ತು ಹೊರಗೆ ಹಾಕಿದ್ದ. "ಹಿಂಗ ಕೀಳೂದಂದ್ರ ಕರಳ ಕಿತ್ತಂಗ ಆಗ್ತೈತಿ ನೋಡು" ಅಂದು ಅಂಗಿ ಬಿಚ್ಚಿ ಮೊಳೆಗೆ ಸಿಗಿಸಿದ್ದ. ಮರುದಿನ ಬೇರೆ ಅಂಗಿ ತೊಟ್ಟು ಹೋದವನು ಆ ಅಂಗಿಯಲ್ಲೇ ಆಂಬುಲೆನ್ಸಿನಲ್ಲಿ ಮರಳಿ ಬಂದ.

ಬಟ್ಟೆಗೆ ಹತ್ತಿದ ರಸ ಒಣಗಿದರೂ ಅದರೊಳಗಿನ ಕಣಗಳು ಒಣಗುವುದಿಲ್ಲ. ಬಿಸಿಲು ಬಿದ್ದರೆ ಕೆಲವು ವಾರಗಳಲ್ಲಿ ಕೆಡುತ್ತವೆ. ಕತ್ತಲಲ್ಲಿ ಮಡಚಿಟ್ಟರೆ ವರ್ಷಗಟ್ಟಲೆ ಹಾಗೆಯೇ ಇರುತ್ತವೆ. ಅವಳು ಓದಿದ್ದಳು, ಬೇರೆಯವರಿಗೆ ಹೇಳಿಕೊಟ್ಟಿದ್ದಳು. ಇದಕ್ಕಿಂತ ಒಳ್ಳೆಯ ಜಾಗ ಅವುಗಳಿಗೆ ಯಾವ ಪ್ರಯೋಗಾಲಯದಲ್ಲೂ ಸಿಗುತ್ತಿರಲಿಲ್ಲ.

ನೀಲಗಂಗವ್ವ ಜಗಲಿಯ ಮೇಲೆ ಲಿಂಗಪೂಜೆಗೆ ಕುಳಿತಾಗ ಶೈಲಾ ಕತ್ತರಿ ತೆಗೆದುಕೊಂಡಳು. ತೋಳಪಟ್ಟಿಯ ಒಳಮಡಿಕೆಯಿಂದ ಬೆರಳ ಉಗುರಿನಷ್ಟು ಬಟ್ಟೆ ಕತ್ತರಿಸಿ ಪ್ಲಾಸ್ಟಿಕ್ ಕೊಳವೆಯಲ್ಲಿ ಹಾಕಿದಳು. ಅಂಗಿಯನ್ನು ಮೊದಲಿನ ಮಡಿಕೆಯಲ್ಲೇ ಮಡಚಿ ಕೌದಿಯೊಳಗಿಟ್ಟಳು.

ಸೋಮವಾರ ಶೇಖವ್ವನ ತಂಬಾಕು ಅರೆದಳು, ಬಟ್ಟೆಯ ಚೂರು ನೆನೆಸಿ ಹಿಂಡಿದಳು. ಸಂಜೆ ತಂಬಾಕಿನ ಕುಳಿಗಳು ತಿಳಿನೀರಿನಂತೆ ಇದ್ದವು. ಬಟ್ಟೆಯ ಕುಳಿಗಳು ಅರಿಸಿನದ ಹಾಗೆ.

ಅಷ್ಟಕ್ಕೇ ಮುಗಿಯುವುದಿಲ್ಲ. ಹಳದಿ ಬಣ್ಣ ಹೇಳುವುದು ಕಾಳುಗಳಿವೆ ಎಂದಷ್ಟೇ. ದಾರ ಗಟ್ಟಿಯಿದೆಯೋ, ಹರಿದು ಹೋಗಿದೆಯೋ ಅದಕ್ಕೆ ಗೊತ್ತಾಗುವುದಿಲ್ಲ. ಬರಿಯ ಚಿಪ್ಪಿದ್ದರೂ ಹಳದಿಯೇ. ಅದನ್ನು ತಿಳಿಯಲು ಕಿಟಕಿಯ ಹೊರಗೆ, ಬಲೆಯ ಗೂಡಿನಲ್ಲಿ, ತಂಬಾಕಿನ ಜಾತಿಯ ಒಂದು ಗಿಡ ಬೆಳೆಸಿಟ್ಟಿರುತ್ತಾರೆ. ಶೈಲಾ ಅದರ ಎಲೆಯ ಮೇಲೆ ಸಣ್ಣ ಮರಳುಪುಡಿ ಉದುರಿಸಿ, ಬಟ್ಟೆಯ ರಸದಲ್ಲಿ ಬೆರಳು ಅದ್ದಿ, ಮೆಲ್ಲಗೆ ತಿಕ್ಕಿದಳು. ಜ್ವರ ಬಂದ ಕೂಸಿನ ಹಣೆಗೆ ಔಷಧ ಹಚ್ಚುವಷ್ಟೇ ಮೆಲ್ಲಗೆ. ಜೋರಾಗಿ ತಿಕ್ಕಿದರೆ ಎಲೆ ಸಾಯುತ್ತದೆ, ತಿಕ್ಕದಿದ್ದರೆ ಗಾಯವಾಗುವುದಿಲ್ಲ.

"ಯಾವ ಸ್ಯಾಂಪಲ್ ಅಕ್ಕಾ? ನಂಬರೇ ಇಲ್ಲ," ಅಂದಳು ಮೆಹನಾಜ. ಜೊತೆಯಲ್ಲಿ ಕೆಲಸ ಮಾಡುವ ಹುಡುಗಿ, ಮದುವೆ ಗೊತ್ತಾಗಿದ್ದರಿಂದ ಈಚೆಗೆ ಎಲ್ಲವನ್ನೂ ಗಮನಿಸುತ್ತಿದ್ದಳು.

"ಹಳೇದು."

"ಎಷ್ಟ ಹಳೇದು?"

"ಎರಡು ವರ್ಷದ್ದು."

"ಯಾ ಅಲ್ಲಾ, ಎರಡು ವರ್ಷದ್ದು ಇನ್ನೇನ ಉಳಿದಿರ್ತೈತಿ? ಸತ್ತಿರ್ತೈತಿ ಬಿಡ್ರಿ."

"ನೋಡೂಣು."

ಕಾಲೇಜಿನಲ್ಲಿ ಕೇಳಿದ ಒಂದು ಪಾಠ ಆ ದಿನಗಳಲ್ಲಿ ಅವಳಿಗೆ ಮತ್ತೆ ಮತ್ತೆ ನೆನಪಾಗುತ್ತಿತ್ತು. ಬಹಳ ಹಿಂದೆ ಯಾರೋ ವಿಜ್ಞಾನಿಗಳು ಈ ವೈರಾಣುವಿನ ಕಡ್ಡಿಯನ್ನೇ ಬಿಡಿಸಿದರಂತೆ. ಕಾಳು ಒಂದು ಕೊಳವೆಯಲ್ಲಿ, ದಾರ ಇನ್ನೊಂದರಲ್ಲಿ. ಆಮೇಲೆ ಎರಡನ್ನೂ ಕೂಡಿಸಿ ಸುಮ್ಮನೆ ಬಿಟ್ಟರೆ, ಯಾರ ಕೈಯೂ ಇಲ್ಲದೆ, ಕಾಳುಗಳು ತಾವಾಗಿ ದಾರದ ಸುತ್ತ ಬಂದು ಕುಳಿತು ಮತ್ತೆ ಮೊದಲಿನ ಕಡ್ಡಿಯೇ ಆಯಿತಂತೆ. ಎಲೆಗೆ ಹಚ್ಚಿದರೆ ರೋಗವೂ ಬಂತಂತೆ. ಪಾಠ ಮಾಡಿದವರು ಕುಣಿಯುವುದೊಂದು ಬಾಕಿ. ಇಪ್ಪತ್ತರ ಶೈಲಾಳೂ ಬೆರಗಾಗಿ ಬ್ಯಾಡಗಿಯ ತೌರುಮನೆಗೆ ಹೋಗಿ ಅವ್ವನ ಮುಂದೆ ಹೇಳಿದ್ದಳು. ಅವ್ವ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ, "ಬೇರೆ ಮಾಡಿದ್ದು ಕೂಡೋದಂದ್ರ ಚಲೋನ ಆತಲ್ಲವ್ವ" ಅಂದಿದ್ದಳು.

ಕೂಡುವುದಕ್ಕೆ ಎರಡೂ ಇರಬೇಕು, ಅಂದುಕೊಂಡಳು ಈಗ ಶೈಲಾ. ತನ್ನಲ್ಲಿ ಯಾವುದು ಉಳಿದಿದೆಯೆಂದು ಅವಳಿಗೆ ತಿಳಿಯಲಿಲ್ಲ. ಏಳುತ್ತಾಳೆ, ರೊಟ್ಟಿ ಬಡಿಯುತ್ತಾಳೆ, ಬಸ್ಸು ಹತ್ತುತ್ತಾಳೆ, ಮಗಳಿಗೆ ಫೋನು ಮಾಡುತ್ತಾಳೆ. ನೋಡಿದವರಿಗೆ ಹಳದಿಯಾಗಿಯೇ ಕಾಣುತ್ತಾಳೆ.

ಗುರುವಾರ ಗೂಡಿನ ಹತ್ತಿರ ಹೋದಾಗ ಎಲೆಯ ಮೇಲೆ ಕಂದು ಚುಕ್ಕೆಗಳೆದ್ದಿದ್ದವು. ಸುತ್ತ ಸುಟ್ಟಂತೆ, ನಡುವೆ ಬಿಳಿಚಿಕೊಂಡು, ಸಿಡುಬಿನ ಹಾಗೆ ದಟ್ಟವಾಗಿ. ದಾರ ಹರಿದಿರಲಿಲ್ಲ. ಅವಳು ಒಂದು ಕ್ಷಣ ಎಲೆಯ ಅಡಿಗೆ ಅಂಗೈ ಹಿಡಿದು ನಿಂತಳು. ಕೊಟ್ರೇಶ ಈ ಲೋಕದಲ್ಲಿ ಬಿಟ್ಟುಹೋದದ್ದರಲ್ಲಿ ಇನ್ನೂ ಏನನ್ನಾದರೂ ಮಾಡಬಲ್ಲದ್ದು ಇದೊಂದೇ. ಹಾಗೆ ಅನ್ನಿಸಿದ್ದೂ ದೂರದಲ್ಲಿ ಯಾರೋ ಆಡಿದ ಮಾತಿನಂತೆ ಕೇಳಿಸಿತು. ಗಿಡವನ್ನು ಬುಡಸಮೇತ ಕಿತ್ತು ಸುಡುವ ಡಬ್ಬಿಗೆ ಹಾಕಿದಳು.

ಪ್ರೇಮಕುಮಾರನಿಗೆ ತಂಬಾಕಿನ ವಿಷಯ ಹೇಳಿದಳು. ಅವನು ನಂಬಲಿಲ್ಲ, ತಟ್ಟೆ ತೋರಿಸಿದ ಮೇಲೆ ತಲೆ ಕೆರೆದುಕೊಂಡ.

"ಶೇಖವ್ವನ ಹೆಸರು ಇನ್ನ ಎತ್ತಬಾರದು ನೀವು," ಅಂದಳು ಶೈಲಾ. "ನಾನ ಸೋಮವಾರ ಬಂದು ಎಲ್ಲಾರ ಮುಂದ ಹೇಳ್ತೇನಿ."

"ಆತ್ರಿ, ಆಕಿ ಅಲ್ಲ. ಮತ್ಯಾರು? ಆಕಾಶದಿಂದ ಉದುರಿತೇನು?" ಅವನು ಮೇಜು ಬಡಿದ. "ಹಂಗಾರ ಸೋಮವಾರ ನೆಟ್ಟಿನ್ಯಾಗ ಇದ್ದದ್ದೆಲ್ಲಾ ಹೊರಗ ತಗಸಿಬಿಡೂಣು. ಚಿಮಟ, ಕತ್ತರಿ, ಬುಟ್ಟಿ, ತೊಡೂ ಅಂಗಿ, ಮನ್ಯಾಗಿನ ಅರಿವೀನೂ ಬಿಡೂದು ಬ್ಯಾಡ. ಒಂದೊಂದು ತುಣುಕು ತಂದು ನೀವು ಪರೀಕ್ಷಾ ಮಾಡ್ರಿ. ಎಲ್ಲಿ ಸಿಗತೈತೋ ಅಲ್ಲೇ, ಅವರ ಮುಂದನ ಹೇಳೂಣು. ಆಗ ಬುದ್ಧಿ ಬರ್ತೈತಿ."

"ಬೇಕಾಗಿಲ್ಲ. ಬಟ್ಟಿ, ಸಾಮಾನು ಎಲ್ಲಾ ಕುದಿಸ್ರಿ ಅಂದ್ರ ಆತು."

"ಇಲ್ರೀ ಮೇಡಂ, ತೋರಿಸಿದ್ರನ ನಂಬತಾರ ಈ ಮಂದಿ."

ಅವನದು ತಪ್ಪಲ್ಲ. ಅವನ ಜಾಗದಲ್ಲಿದ್ದರೆ ಅವಳೂ ಹಾಗೆಯೇ ಅನ್ನುತ್ತಿದ್ದಳು. ಆದರೆ ಅವಳ ಕಣ್ಣಿಗೆ ಕಂಡದ್ದು ಊರ ಹೆಂಗಸರ ನಡುವೆ ನಿಂತ ನೀಲಗಂಗವ್ವ, ಅವಳ ಎರಡು ಕಪ್ಪುಹಸಿರು ಕೈ, ಬೊಟ್ಟ ಬೊಟ್ಟ ಉದುರಲಿ ಎಂದು ಅವಳೇ ಆಡಿದ ಮಾತು.

ಭಾನುವಾರ ಬೆಳಗಿನ ಬಸ್ಸಿಗೇ ಶೈಲಾ ಕುಪ್ಪೇಲೂರು ಮುಟ್ಟಿದಳು. ಬರುವಾಗ ಪ್ರಯೋಗಾಲಯದಿಂದ ಪಾತ್ರೆ ತೊಳೆಯುವ ಫಾಸ್ಫೇಟಿನ ಉಪ್ಪಿನ ಪೊಟ್ಟಣವೊಂದನ್ನು ತಂದಿದ್ದಳು. ಆ ಉಪ್ಪು ಹಾಕಿ ಕುದಿಸಿದರೆ ಕಾಳು ಕಾಳು ಬಿಟ್ಟು, ದಾರ ತುಂಡಾಗಿ, ಮತ್ತೆಂದೂ ಕೂಡಲಾರದು. ವಾಸನೆಯೂ ಉಳಿಯಲಾರದು.

ದಾರಿಯುದ್ದಕ್ಕೂ ಬೇರೆ ದಾರಿಯಿದೆಯೇ ಎಂದು ಯೋಚಿಸಿದ್ದಳು. ತೋಳು ಮಾತ್ರ ಕತ್ತರಿಸಿದರೆ? ಅತ್ತೆ ಯಾಕೆ ಎಂದು ಕೇಳುತ್ತಾಳೆ. ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಟ್ಟು, ತೊಡಬೇಡಿ ಅಂದರೆ? ಅದಕ್ಕೂ ಯಾಕೆ. ಈ ಯಾಕೆಗೆ ಉತ್ತರ ಒಂದೇ ಇತ್ತು. ಮಗನ ನೆಟ್ಟನ್ನು ಉಳಿಸಲೆಂದು ಮಗನ ಅಂಗಿ ತೊಟ್ಟು ತಾಯಿಯೇ ಎರಡು ಸಲ ಅದನ್ನು ಕೊಂದಳು ಎಂಬುದು. ಆ ಉತ್ತರ ಕೇಳಿದ ಮೇಲೆ ನೀಲಗಂಗವ್ವ ಆ ಕೈಯಿಂದ ತುತ್ತು ಎತ್ತಲಾರಳು.

"ಏನವ್ವ, ಇಷ್ಟ ಲಗೂ?" ನೀಲಗಂಗವ್ವ ತಲೆ ಬಾಚಿಕೊಂಡು ಹೊರಡಲು ಸಿದ್ಧವಾಗಿದ್ದಳು. "ಭರಮಣ್ಣನ ಮೊಮ್ಮಗಳನ್ನ ತೊಟ್ಟಲಾಗ ಹಾಕ್ತಾರ ಇವತ್ತ. ನೀನೂ ಬಾ."

"ನೀವು ಹೋಗಿ ಬರ್ರಿ. ನಾ ಹಾಸಿಗಿ ಹೊದಿಕಿ ಒಗಿತೇನಿ. ನಾಳೆ ಸಾಹೇಬ್ರು ಬರ್ತಾರ, ಮನ್ಯಾಗಿನ ಅರಿವಿ ಎಲ್ಲಾ ಕುದಿಸಬೇಕಂತ."

"ಅವಂಗೇನ ಬಂದೈತಿ, ನಮ್ಮ ಮನೀ ಹಾಸಿಗಿ ಮೂಸಾಕ?" ಮುದುಕಿ ನಕ್ಕಳು, ಆಮೇಲೆ ಸೊಸೆಯ ಮುಖ ನೋಡಿ ನಗು ಇಳಿಸಿದಳು. "ಒಗಿಯವ್ವ. ಕೌದಿನೂ ಹೊಲಸಾಗ್ಯಾವು, ಮಣಭಾರ. ನಿನಗ ಎತ್ತಾಕ ಆಗ್ತೈತೇನು?"

"ಆಗ್ತೈತಿ."

"ಮತ್ತ," ಅಂದು ನೀಲಗಂಗವ್ವ ಹೊಸ್ತಿಲಲ್ಲಿ ನಿಂತಳು. "ಹೋದ ವಾರ ನೀ ಅವನ ಅಂಗಿ ಕೇಳಿದೆಲ್ಲ, ನನಗ ಬಾಳ ಸಮಾಧಾನ ಆತು. ಮಂದಿ ಏನರ ಅನ್ನಲಿ, ನಾ ಯಾವತ್ತೂ ನಿನ್ನ ಕಲ್ಲು ಅಂದಿಲ್ಲ."

ಶೈಲಾ ಒಲೆಯ ಕಡೆ ತಿರುಗಿದಳು. "ಬಿಸಿಲು ಬಾಳ ಐತಿ. ಛತ್ರಿ ತಗೊಂಡು ಹೋಗ್ರಿ."

ಹಿತ್ತಲ ಬಚ್ಚಲಿನಲ್ಲಿ ಹಂಡೆಯ ನೀರು ಸುಂಯ್ ಎನ್ನತೊಡಗಿತ್ತು. ಅವಳು ದಿಂಬಿನ ಚೀಲಗಳನ್ನು ಬಿಚ್ಚಿದಳು, ಹಾಸಿಗೆಯ ಹೊದಿಕೆ ಎಳೆದಳು, ಮೊಳೆಗಳ ಮೇಲಿದ್ದ ಅರಿವೆಗಳನ್ನು ಒಂದೊಂದೇ ತೆಗೆದು ರಾಶಿ ಹಾಕಿದಳು. ಒಳಕೋಣೆಯಲ್ಲಿ ಟ್ರಂಕಿತ್ತು. ಬೀಗ ಹಾಕುವ ರೂಢಿ ಆ ಮನೆಯಲ್ಲಿರಲಿಲ್ಲ.

ಅಂಗಿ ಕೌದಿಯ ಮಡಿಕೆಯೊಳಗಿದ್ದದ್ದು ಮರೆತು ಕುದಿಸಿಬಿಟ್ಟೆ ಎನ್ನಬೇಕು. ಅಷ್ಟೇ ಮಾತು, ಹೆಚ್ಚಿಲ್ಲ. ಅತ್ತೆ ನಂಬುತ್ತಾಳೆ, ಯಾಕೆಂದರೆ ಮರೆತುಬಿಡುವುದು ಶೈಲಾಳಿಂದ ಆಗಬಹುದಾದದ್ದೇ. ಮೊದಲು ಹಂಡೆಯೊಳಗೆ ಇಣುಕಿ ನೋಡುತ್ತಾಳೆ. ಆಮೇಲೆ ಎದೆ ಬಡಿದುಕೊಳ್ಳುತ್ತಾಳೆ. ಇದುವರೆಗೆ ಅನ್ನದೆ ಉಳಿಸಿಕೊಂಡಿದ್ದನ್ನೂ ಅನ್ನುತ್ತಾಳೆ. ಓಣಿಯ ಹೆಂಗಸರು ಬಂದು, ನಾವು ಅವತ್ತೇ ಹೇಳಿದ್ದೆವಲ್ಲ ಅನ್ನುತ್ತಾರೆ. ಅನ್ನಲಿ. ಶಪಿಸಲು ಒಬ್ಬರು ಬೇಕೇ ಬೇಕಿದ್ದರೆ ಮುದುಕಿ ಸೊಸೆಯನ್ನು ಶಪಿಸಲಿ, ತನ್ನ ಕೈಯನ್ನಲ್ಲ.

ಇದರಿಂದ ತನಗೇನೂ ಹೋಗುವುದಿಲ್ಲ ಎಂದು ಅವಳು ಅಂದುಕೊಂಡಳು. ಅದು ಪೂರ್ತಿ ನಿಜವಾಗಿರಲಿಲ್ಲ. ಎಂದಾದರೊಂದು ದಿನ ಆ ವಾಸನೆಗೆ ತನ್ನೊಳಗಿನ ಗಂಟು ಬಿಚ್ಚೀತು, ಆವತ್ತು ಬಂದು ಮತ್ತೆ ಕೇಳೋಣ ಎಂದು ಈ ವಾರವೆಲ್ಲ ಮನಸ್ಸಿನ ಮೂಲೆಯಲ್ಲಿ ಒಂದು ಆಸೆ ಕುಳಿತಿತ್ತು. ನೀರು ಕುದಿದರೆ ಆ ದಿನವೂ ಕುದಿದು ಹೋಗುತ್ತದೆ.

ಹೊರಗೆ ನೀಲಗಂಗವ್ವ ಯಾರನ್ನೋ ಕರೆದು, "ಸೊಸಿ ಬಂದಾಳ, ಮನೀ ಎಲ್ಲಾ ಹಸನ ಮಾಡಾಕತ್ತಾಳ" ಎಂದು ಹೆಮ್ಮೆಯಿಂದ ಹೇಳುತ್ತಿದ್ದದ್ದು ಕೇಳಿಸಿತು. ಚಪ್ಪಲಿಯ ಸದ್ದು ಓಣಿಯ ತಿರುವಿನವರೆಗೂ ಹೋಗಿ ನಿಂತಿತು. ಶೈಲಾ ಒಲೆಗೆ ಹತ್ತಿಕಟ್ಟಿಗೆ ತುರುಕಿ, ಉರಿ ಹಿಡಿಯುವವರೆಗೆ ಊದಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಕೋಣೆಗೆ ನಡೆದಳು.